ಕುರಿಯ ಎದೆ ಮಾಂಸ: ಯಾವ ಅಡುಗೆಗೆ ಹೇಗೆ ಕಟ್ ಮಾಡಬೇಕು?



ತರಕಾರಿ ಬೆಳೆಯೋರು ಮಟನ್ ಬಗ್ಗೆ ಯಾಕೆ ಬರೀತಿದ್ದಾರೆ ಅಂತ ನಿಮಗೆ ಅನ್ನಿಸಬಹುದು. ಕಾರಣ ಇದೆ. ನಾನು ಓದಿದ್ದು ತೋಟಗಾರಿಕೆ, ಮಾಡ್ತಿರೋದು ಸಾವಯವ ತರಕಾರಿ ಮತ್ತು ಬಾಳೆ. ಆದರೆ ಗೊಬ್ಬರ ಇಲ್ಲದೆ ಸಾವಯವ ಇಲ್ಲ. ಹಾಗಾಗಿ ತೆಂಗಿನ ತೋಟದಲ್ಲಿ ಒಂದಿಪ್ಪತ್ತು ಕುರಿ ಸಾಕಿದ್ದೇನೆ. ಹಿಕ್ಕೆ ಗೊಬ್ಬರ ತೋಟಕ್ಕೆ, ಬೆಳೆದ ಟಗರು ಮರಿ ಮಾರಾಟಕ್ಕೆ.

ಮೊದಲು ಮರಿಗಳನ್ನು ಸಂತೆಗೆ ಹೊಡೀತಿದ್ದೆ. ದಲ್ಲಾಳಿ ಕಣ್ಣಳತೆಯಲ್ಲಿ ಹೇಳಿದ್ದೇ ರೇಟು. ಆಮೇಲೆ ಮೈಸೂರಿನಲ್ಲಿ ನನ್ನ ಹತ್ತಿರ ವಾರವಾರ ತರಕಾರಿ ತಗೊಳ್ಳೋ ಮನೆಯವರು, "ನಿಮ್ಮ ಕುರಿ ಮಾಂಸವನ್ನೂ ಕೊಡಿ" ಅಂದರು. ಖುಷಿಯಾಯ್ತು. ಒಂದು ಮರಿ ಕೊಯ್ಯಿಸಿ, ನಮ್ಮೂರಿನ ಗುಡ್ಡೆ ಮಾಂಸದ ಲೆಕ್ಕದಲ್ಲೇ ಎಲ್ಲ ಭಾಗವನ್ನೂ ಸಮನಾಗಿ ಬೆರೆಸಿ, ಒಂದೊಂದು ಕೆಜಿ ಪ್ಯಾಕೆಟ್ ಮಾಡಿ ಕೊಟ್ಟೆ.

ಮಾರನೇ ದಿನ ಫೋನ್ ಬಂತು. "ಬಿರಿಯಾನಿಯಲ್ಲಿ ಅರ್ಧ ಪೀಸ್ ಬೆಣ್ಣೆ ಥರ, ಅರ್ಧ ಪೀಸ್ ಚಪ್ಪಲಿ ಥರ. ನೆಂಟರ ಮುಂದೆ ಮರ್ಯಾದೆ ಹೋಯ್ತು ಕಣ್ರೀ" ಅಂದರು ಒಬ್ಬರು. ಇನ್ನೊಬ್ಬರು ಬೈಯ್ಯಲೂ ಇಲ್ಲ, ಮುಂದಿನ ವಾರದಿಂದ ತರಕಾರಿ ತಗೊಳ್ಳೋದನ್ನೂ ನಿಲ್ಲಿಸಿದರು. ಮರಿ ಎಳೆಯದು, ಮೇವು ಚೆನ್ನಾಗಿತ್ತು, ಮಾಂಸ ತಾಜಾ. ಹಾಗಾದರೆ ತಪ್ಪಿದ್ದೆಲ್ಲಿ?

ತಪ್ಪಿದ್ದು ಕಟಿಂಗ್‌ನಲ್ಲಿ. ಅದರಲ್ಲೂ ಎದೆ ಭಾಗದಲ್ಲಿ. ಈ ವಾರ ಅದನ್ನೇ ನೋಡೋಣ.

ಗುಡ್ಡೆ ಮಾಂಸ ತಪ್ಪಲ್ಲ, ಪಾತ್ರೆ ಬೇರೆ

ಯುಗಾದಿ ಮಾರನೇ ದಿನ ಹೊಸತೊಡಕಿಗೆ ನಮ್ಮ ಕಡೆ ನಾಲ್ಕಾರು ಮನೆಯವರು ಸೇರಿ ಮರಿ ಕೊಯ್ದು ಗುಡ್ಡೆ ಹಾಕೋದು ನಿಮಗೆ ಗೊತ್ತಿರೋದೇ. ಪ್ರತಿ ಗುಡ್ಡೆಗೂ ತೊಡೆ, ಪಕ್ಕೆ, ಎದೆ, ಈಲಿ, ಬೋಟಿ ಎಲ್ಲದರಲ್ಲೂ ಪಾಲು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆ ಇಲ್ಲ.

ಊರಲ್ಲಿ ಹೀಗೆ ಬೆರೆಸಿದ ಮಾಂಸ ಯಾಕೆ ಚೆನ್ನಾಗಿ ಬೇಯುತ್ತೆ? ಅದು ಒಂದೇ ಪಾತ್ರೆಯಲ್ಲಿ, ಸಾರಿನಲ್ಲಿ, ಸೌದೆ ಒಲೆಯ ಮೇಲೆ ನಿಧಾನವಾಗಿ ಬೇಯುತ್ತೆ. ಎಲ್ಲಕ್ಕಿಂತ ಗಟ್ಟಿ ಪೀಸ್ ಬೆಂದ ಮೇಲೇ ಪಾತ್ರೆ ಇಳಿಸೋದು. ಆದರೆ ಪಟ್ಟಣದ ಮನೆಯಲ್ಲಿ ಒಬ್ಬರು ಬಿರಿಯಾನಿ, ಒಬ್ಬರು ಫ್ರೈ, ಇನ್ನೊಬ್ಬರು ಬಾಣಂತಿಗೆ ಸೂಪ್ ಮಾಡ್ತಾರೆ. ಅಡುಗೆಯ ಸಮಯವೇ ಬೇರೆ ಬೇರೆ. ಒಂದೇ ಪ್ಯಾಕೆಟ್ ಎಲ್ಲಕ್ಕೂ ಹೊಂದಲ್ಲ.

ನಾನು ಬೇಜಾರಲ್ಲಿ ಕೂತಿದ್ದಾಗ, ವರ್ಷಾನುಗಟ್ಟಲೆ ಗುಡ್ಡೆ ಹಾಕಿಸಿರೋ ನಮ್ಮ ಚಿಕ್ಕಪ್ಪ ಒಂದೇ ಮಾತಲ್ಲಿ ಹೇಳಿದರು: "ಎದೆ ಅನ್ನೋದು ಭಾರ ಹೊರೋ ಜಾಗ ಕಣ್ ಮಗ. ಅದು ಆತುರಕ್ಕೆ ಬೇಯಲ್ಲ. ತೊಡೆ ಜೊತೆ ಬೆರೆಸಿ ಬಿರಿಯಾನಿಗೆ ಕೊಟ್ರೆ ಅವರಾದ್ರೂ ಏನ್ ಮಾಡ್ತಾರೆ?"

ದುಡಿದ ಭಾಗ ಗಟ್ಟಿ, ದುಡಿಯದ ಭಾಗ ಮೆದು

ಚಿಕ್ಕಪ್ಪನ ಮಾತಿನ ಹಿಂದೆ ವಿಜ್ಞಾನ ಇದೆ. ಮನುಷ್ಯರಿಗೆ ಇರುವಂತೆ ಕುರಿಗೆ ಕತ್ತಿನ ಕೆಳಗಿನ ಕೊರಳೆಲುಬು ಇಲ್ಲ. ಮುಂಗಾಲುಗಳು ಮೈಗೆ ಅಂಟಿಕೊಂಡಿರೋದು ಮೂಳೆಯ ಕೀಲಿನಿಂದ ಅಲ್ಲ, ಬರೀ ಮಾಂಸಖಂಡದಿಂದ. ಕುರಿ ನಿಂತಾಗ, ನಡೆದಾಗ ಮುಂಭಾಗದ ಭಾರ ಹೊರೋದರಲ್ಲಿ ಎದೆಯ ಖಂಡಗಳಿಗೂ ಪಾಲಿದೆ.

ಹೀಗೆ ಸದಾ ದುಡಿಯೋ ಖಂಡದಲ್ಲಿ ನಾರುಗಳನ್ನು ಕಟ್ಟಿ ಹಿಡಿಯೋ ಬಿಳಿ ಪದರ ಜಾಸ್ತಿ. ಅದರಲ್ಲಿರೋ ಮುಖ್ಯ ಪ್ರೋಟೀನ್ ಕೊಲಾಜೆನ್. ಬೇಗ ಹುರಿದರೆ ಇದು ಬಿಗಿದುಕೊಂಡು ಮಾಂಸ ರಬ್ಬರ್ ಆಗುತ್ತೆ. ಅದೇ ನೀರಿನಲ್ಲಿ, ಸಣ್ಣ ಉರಿಯಲ್ಲಿ, ಸಾಕಷ್ಟು ಹೊತ್ತು ಇಟ್ಟರೆ ಕರಗಿ ಗೆಲಟಿನ್ ಆಗುತ್ತೆ. ಮಟನ್ ಸಾರು ಫ್ರಿಜ್‌ನಲ್ಲಿಟ್ಟರೆ ಬೆಳಗ್ಗೆ ಗಟ್ಟಿಯಾಗಿ ಅಲುಗಾಡುತ್ತಲ್ಲ, ಅದೇ ಈ ಗೆಲಟಿನ್. ಸಾರಿಗೆ ಮಂದ, ಬಾಯಿಗೆ ಅಂಟುವ ರುಚಿ ಬರೋದು ಇದರಿಂದ.

ಅಂದರೆ ಎದೆ ಕೆಟ್ಟ ಮಾಂಸ ಅಲ್ಲ. ಸಮಯ ಕೊಟ್ಟರೆ ಬಹಳ ರುಚಿ, ಕೊಡದಿದ್ದರೆ ಚಪ್ಪಲಿ. ಬೆನ್ನು, ಸೊಂಟದ ಮಾಂಸ ಇದಕ್ಕೆ ಉಲ್ಟಾ. ಅಲ್ಲಿ ದುಡಿಮೆ ಕಡಿಮೆ, ಬೇಗ ಬೇಯುತ್ತೆ. ಜಾಸ್ತಿ ಬೇಯಿಸಿದರೆ ಒಣಗಿ ಹುಡಿ ಹುಡಿ ಆಗುತ್ತೆ.

ನಾರು ಯಾವ ಕಡೆ ಓಡುತ್ತೆ ನೋಡಿ

ಕತ್ತಿ ಇಡೋ ಮೊದಲು ಇದೊಂದು ನೋಡಲೇಬೇಕು. ಮಾಂಸ ಅಂದರೆ ಉದ್ದುದ್ದ ನಾರುಗಳ ಕಟ್ಟು. ಕಬ್ಬನ್ನು ನೆನಪು ಮಾಡಿಕೊಳ್ಳಿ. ಉದ್ದಕ್ಕೆ ಸೀಳಿದ ಕಬ್ಬನ್ನು ಎಷ್ಟು ಅಗಿದರೂ ನಾರು ಬಾಯಲ್ಲೇ ಉಳಿಯುತ್ತೆ. ಅದೇ ಕಬ್ಬನ್ನು ಅಡ್ಡಕ್ಕೆ ತೆಳ್ಳಗೆ ಬಿಲ್ಲೆ ಮಾಡಿದರೆ ಬಾಯಲ್ಲಿ ಉದುರಿ ಹೋಗುತ್ತೆ. ಮಾಂಸವೂ ಹಾಗೇ. ನಾರಿಗೆ ಅಡ್ಡವಾಗಿ ಕಟ್ ಮಾಡಬೇಕು, ಉದ್ದಕ್ಕೆ ಅಲ್ಲ.

ಕಣ್ಣಿಗೆ ಕಾಣ್ತಿಲ್ಲ ಅಂದರೆ ಮೊಬೈಲ್ ಟಾರ್ಚ್ ಹಾಕಿ ಪಕ್ಕದಿಂದ ಓರೆಯಾಗಿ ಬೆಳಕು ಬಿಡಿ. ಗೆರೆಗಳು ಎದ್ದು ಕಾಣುತ್ತವೆ. ಬೇಯಿಸಿದ ಮೇಲೆ ಕಟ್ ಮಾಡೋದಾದರೆ, ಹಸಿ ಇದ್ದಾಗಲೇ ಒಂದು ಮೂಲೆಯನ್ನು ನಾರಿಗೆ ಅಡ್ಡವಾಗಿ ಸ್ವಲ್ಪ ಕತ್ತರಿಸಿ ಗುರುತು ಮಾಡಿ, ಇಲ್ಲವೇ ಒಂದು ಫೋಟೋ ತೆಗೆದಿಡಿ. ಬೆಂದ ಮೇಲೆ ದಿಕ್ಕು ಗೊತ್ತಾಗೋದು ಕಷ್ಟ.

ಅಮೆರಿಕದ ಟೆಕ್ಸಾಸ್‌ನವರು ಬ್ರಿಸ್ಕೆಟ್ ಅಂತ ಹೊಗೆಯಲ್ಲಿ ಹತ್ತು ಹನ್ನೆರಡು ಗಂಟೆ ಬೇಯಿಸೋ ವಿಡಿಯೋ ನಿಮ್ಮಲ್ಲಿ ಕೆಲವರಾದರೂ ನೋಡಿರ್ತೀರಿ. ಬ್ರಿಸ್ಕೆಟ್ ಅಂದರೆ ದನದ ಎದೆ ಭಾಗ, ನಾವು ಮಾತಾಡ್ತಿರೋ ಜಾಗವೇ. ಅದರಲ್ಲಿ ಎರಡು ಖಂಡ ಒಂದರ ಮೇಲೊಂದು ಇರುತ್ತೆ, ಎರಡರ ನಾರಿನ ದಿಕ್ಕೂ ಬೇರೆ. ಅದಕ್ಕೇ ಅವರು ಕಟ್ ಮಾಡುವಾಗ ಅರ್ಧಕ್ಕೆ ಬಂದು ತುಂಡನ್ನು ತಿರುಗಿಸಿಕೊಳ್ತಾರೆ. ಕುರಿಯ ಎದೆ ಚಿಕ್ಕದು, ಆದರೆ ಪಾಠ ಒಂದೇ: ನಿಧಾನ ಬೇಯಿಸು, ಬೆಂದ ಮೇಲೆ ಅಡ್ಡ ಕತ್ತರಿಸು.

ಎದೆ ಭಾಗವನ್ನು ಮೂರು ಮಾಡಿ

ಕುರಿಗೆ 13 ಜೊತೆ ಪಕ್ಕೆಲುಬು. ಪಕ್ಕೆಲುಬುಗಳ ಕೆಳಗಿನ ಅರ್ಧ, ನಡುವಿನ ಎದೆಮೂಳೆ, ಹಿಂದಕ್ಕೆ ಚಾಚಿದ ಹೊಟ್ಟೆಯ ಪದರ ಸೇರಿದರೆ ಎದೆ ಭಾಗ. ಇದನ್ನು ಮೂಳೆ ಕೆಳಗೆ ಬರುವಂತೆ ಮರದ ದಿಮ್ಮಿಯ ಮೇಲಿಟ್ಟು ಮೂರು ಭಾಗ ಮಾಡಿಕೊಳ್ಳಿ.

1. ಮುಂತುದಿ. ಎರಡು ಮುಂಗಾಲುಗಳ ನಡುವಿನ ದಪ್ಪ ಭಾಗ. ಮಾಂಸ, ಕೊಬ್ಬು ಪದರ ಪದರವಾಗಿ ಇರುತ್ತೆ. ಮೂಳೆ ಮೆತ್ತಗೆ.
2. ಪಕ್ಕೆ ಸಾಲು. ಪಕ್ಕೆಲುಬಿನ ತುದಿಗಳು ಸಾಲಾಗಿರೋ ನಡುಭಾಗ. ಮಾಂಸ ತೆಳು, ಮೂಳೆಯ ರುಚಿ ಜಾಸ್ತಿ.
3. ಹೊಟ್ಟೆ ಪದರ. ಮೂಳೆ ಇಲ್ಲದ ತೆಳು ಹಾಳೆ. ಬಿಳಿ ಪೊರೆ, ಕೊಬ್ಬು ಜಾಸ್ತಿ.

ಕಟ್ ಮಾಡೋ ಮೊದಲು ಎರಡು ಕೆಲಸ. ಒಂದು, ಪಕ್ಕೆಲುಬಿನ ಒಳಗಡೆ ಅಂಟಿರೋ ತೆಳು ಪೊರೆಯನ್ನು ಬಟ್ಟೆಯಿಂದ ಹಿಡಿದು ಎಳೆದು ತೆಗೀರಿ. ಅದು ಇದ್ದರೆ ಪೀಸ್ ಮುದುಡುತ್ತೆ, ಮಸಾಲೆಯೂ ಹಿಡಿಯಲ್ಲ. ಎರಡು, ಮೇಲಿನ ಕೊಬ್ಬನ್ನು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಇಳಿಸಿ. ಪೂರ್ತಿ ತೆಗೆದರೆ ರುಚಿ ಹೋಗುತ್ತೆ, ಪೂರ್ತಿ ಬಿಟ್ಟರೆ ಸಾರು ಆರಿದಾಗ ಮೇಲೆ ಮೇಣದಂತೆ ಕಟ್ಟುತ್ತೆ.

ಅಡುಗೆ ಪ್ರಕಾರ ಕಟಿಂಗ್

ಸಾರಿಗೆ: ಪಕ್ಕೆ ಸಾಲು, ಮುಂತುದಿ ಎರಡೂ ಚೆನ್ನ. ಮೊದಲು ಎರಡು ಪಕ್ಕೆಲುಬುಗಳ ಮಧ್ಯೆ ಚಾಕು ಇಳಿಸಿ ಪಟ್ಟಿ ಮಾಡಿ, ಆಮೇಲೆ ಪ್ರತಿ ಪಟ್ಟಿಯನ್ನು ಎರಡು ಇಂಚಿಗೊಂದರಂತೆ ಅಡ್ಡ ಕತ್ತರಿಸಿ. ಎಳೆ ಮರಿಯ ಎದೆಮೂಳೆ ತುಂಡು ತುಂಡಾಗಿ ಮೃದುಮೂಳೆಯಿಂದ ಕೂಡಿಕೊಂಡಿರುತ್ತೆ. ಆ ಕೂಡಿದ ಜಾಗ ಹುಡುಕಿ ಚಾಕು ಹಾಕಿದರೆ ಮಚ್ಚು ಬೇಕಿಲ್ಲ. ಮಚ್ಚಿನಿಂದ ಸಿಕ್ಕಸಿಕ್ಕ ಕಡೆ ಹೊಡೆದರೆ ಮೂಳೆ ಚೂರು ಸಾರಿಗೆ ಬರುತ್ತೆ. ಮಕ್ಕಳಿರೋ ಮನೆಗೆ ಅದು ಅಪಾಯ.

ಫ್ರೈಗೆ: ಇಲ್ಲೇ ಹೆಚ್ಚು ಜನ ತಪ್ಪು ಮಾಡೋದು. ಎದೆ ಮಾಂಸವನ್ನು ಹಸಿಯಾಗಿ ಸಣ್ಣ ಪೀಸ್ ಮಾಡಿ ನೇರ ಬಾಣಲೆಗೆ ಹಾಕಬೇಡಿ. ಮುಂತುದಿಯನ್ನು ದೊಡ್ಡ ತುಂಡಾಗಿಯೇ ಅರಿಶಿನ, ಉಪ್ಪು, ಶುಂಠಿ ಹಾಕಿ ಬೇಯಿಸಿ, ಪೂರ್ತಿ ಆರಿಸಿ. ಆರಿದ ಮೇಲೆ ಮೂಳೆ ಬಿಡಿಸಿ, ನಾರಿಗೆ ಅಡ್ಡವಾಗಿ ಬೆರಳು ದಪ್ಪಕ್ಕೆ ಕಟ್ ಮಾಡಿ. ಆಮೇಲೆ ಈರುಳ್ಳಿ, ಕರಿಬೇವು, ಮೆಣಸಿನ ಪುಡಿ ಜೊತೆ ಹುರೀರಿ. ಬಿಸಿ ಇದ್ದಾಗ ಕಟ್ ಮಾಡಿದರೆ ಮಾಂಸ ಚೂರಾಗುತ್ತೆ. ಬೇಯಿಸಿದ ನೀರು ಚೆಲ್ಲಬೇಡಿ, ಅದೇ ಸಾರಿಗೆ ಜೀವ.

ಬಿರಿಯಾನಿಗೆ: ಎದೆ ಬೇಡ. ಹಿಂದೊಡೆ ಅಥವಾ ಮುಂದೊಡೆ ಕೊಡಿ. ಪೀಸ್ ದೊಡ್ಡದಿರಲಿ, ಒಂದೊಂದು 60–70 ಗ್ರಾಂ. ಬೆಂದಾಗ ಮಾಂಸ ಕಾಲು ಭಾಗಕ್ಕಿಂತ ಹೆಚ್ಚು ಕುಗ್ಗುತ್ತೆ. ಸಣ್ಣ ಪೀಸ್ ಅನ್ನದಲ್ಲಿ ಕಾಣೋದೇ ಇಲ್ಲ. ಎಲುಬು ಬೇಕೇ ಬೇಕು ಅನ್ನೋರಿಗೆ ಎದೆಯ ಮುಂತುದಿ ಸ್ವಲ್ಪ ಕೊಟ್ಟರೂ, "ಇದನ್ನು ಮೊದಲೇ ಬೇರೆ ಬೇಯಿಸಿಕೊಳ್ಳಿ" ಅಂತ ಹೇಳಿ ಕೊಡಿ.

ಕೈಮಾಗೆ: ಹೊಟ್ಟೆ ಪದರ ಇಲ್ಲಿಗೆ. ಮೇಲಿನ ದಪ್ಪ ಬಿಳಿ ಪೊರೆ ತೆಗೆದು, ಮುಂದೊಡೆ ಮಾಂಸದ ಜೊತೆ ಬೆರೆಸಿ. ಒಂದು ಕೆಜಿಯಲ್ಲಿ ಸುಮಾರು 200 ಗ್ರಾಂ ಕೊಬ್ಬಿದ್ದರೆ ಕೈಮಾ ಉಂಡೆ ಮೆತ್ತಗೆ ಬರುತ್ತೆ. ಬರೀ ತೊಡೆಯ ಕೆಂಪು ಮಾಂಸದ ಕೈಮಾ ಉಂಡೆ ಕಲ್ಲಿನಂತಾಗುತ್ತೆ. ಕೊಚ್ಚುವ ಮೊದಲು ಮಾಂಸವನ್ನು ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು ಬಿಗಿ ಮಾಡಿಕೊಂಡರೆ ಸಲೀಸು.

ಸೂಪಿಗೆ: ಪಕ್ಕೆ ಸಾಲಿನ ತುದಿ, ಎದೆಮೂಳೆ, ಜೊತೆಗೆ ಮುಂಗಾಲಿನ ನಳಿ ಮೂಳೆ. ಪೀಸ್ ಸಣ್ಣದಾದಷ್ಟೂ ರಸ ಬೇಗ ಇಳಿಯುತ್ತೆ, ಒಂದೊಂದು ಇಂಚು ಸಾಕು. ತಣ್ಣೀರಿನಲ್ಲೇ ಇಟ್ಟು ಕಾಯಿಸಿ, ಮೇಲೆ ಬರೋ ನೊರೆ ತೆಗೀರಿ.

ಬೇಯೋ ಸಮಯ ನಮ್ಮ ಮನೆ ಅಂದಾಜಿನಲ್ಲಿ ಹೇಳ್ತೀನಿ. ಎಳೆ ಮರಿಯ ಎದೆಗೆ ತೆರೆದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಒಂದೂವರೆಯಿಂದ ಎರಡು ಗಂಟೆ, ಕುಕ್ಕರ್‌ನಲ್ಲಿ ಮೊದಲ ಕೂಗು ಆದ ಮೇಲೆ ಉರಿ ಇಳಿಸಿ 20–25 ನಿಮಿಷ. ತೊಡೆಗೆ ಕುಕ್ಕರ್‌ನಲ್ಲಿ 12–15 ನಿಮಿಷ ಸಾಕು. ಈ ಎರಡರ ನಡುವಿನ ಹತ್ತು ನಿಮಿಷದಲ್ಲೇ ನನ್ನ ಗ್ರಾಹಕರ ಬಿರಿಯಾನಿ ಕೆಟ್ಟಿದ್ದು.

ತೋಟದಲ್ಲೇ ಇರೋ ಮದ್ದು

ತೋಟಗಾರಿಕೆ ಓದಿದ್ದಕ್ಕೆ ಇದೊಂದು ಸೇರಿಸಲೇಬೇಕು. ಹಸಿ ಪಪ್ಪಾಯಿಯಲ್ಲಿ ಪಪೈನ್ ಅನ್ನೋ ಕಿಣ್ವ ಇದೆ, ಅದು ಮಾಂಸದ ಪ್ರೋಟೀನನ್ನು ಒಡೆಯುತ್ತೆ. ಸಿಪ್ಪೆ ಸಮೇತ ಅರೆದ ಹಸಿ ಪಪ್ಪಾಯಿ ಒಂದು ಕೆಜಿ ಮಾಂಸಕ್ಕೆ ಒಂದು ದೊಡ್ಡ ಚಮಚ, ಅರ್ಧ ಗಂಟೆ ಸಾಕು. ರಾತ್ರಿಯೆಲ್ಲ ಇಟ್ಟರೆ ಮೇಲ್ಭಾಗ ಹಿಟ್ಟಾಗುತ್ತೆ, ಒಳಗೆ ಗಟ್ಟಿಯಾಗೇ ಉಳಿಯುತ್ತೆ. ಹಣ್ಣಾದ ಪಪ್ಪಾಯಿಯಿಂದ ಈ ಕೆಲಸ ಆಗಲ್ಲ, ಹಾಲು ಸುರಿಯೋ ಕಾಯಿಯೇ ಬೇಕು. ನಾನೀಗ ಫ್ರೈಗೆ ಮಾಂಸ ತಗೊಳ್ಳೋರಿಗೆ ಒಂದು ತುಂಡು ಹಸಿ ಪಪ್ಪಾಯಿ ಪುಕ್ಕಟೆ ಇಡ್ತೀನಿ.

ಕತ್ತಿಗಿಂತ ಮೊದಲಿನ ಎಚ್ಚರಿಕೆ

ಕಟಿಂಗ್ ಎಷ್ಟೇ ಚೆನ್ನಾಗಿದ್ದರೂ ಕೆಳಗಿನವು ತಪ್ಪಿದರೆ ಮಾಂಸ ಕೆಡುತ್ತೆ.

- ವಯಸ್ಸು: ಹಲ್ಲು ನೋಡಿ. ಹಾಲು ಹಲ್ಲಿದ್ದರೆ ಸಾಮಾನ್ಯವಾಗಿ ಒಂದು ವರ್ಷದೊಳಗಿನ ಮರಿ. ಎರಡು ದೊಡ್ಡ ಹಲ್ಲು ಬಂದಿದ್ದರೆ ಒಂದರಿಂದ ಒಂದೂವರೆ ವರ್ಷ. ಬಾಯಿ ಕೂಡಿದ ಕುರಿಯ ಎದೆ ಸಾರಿಗೆ ಮಾತ್ರ, ಅದಕ್ಕೂ ಸಮಯ ಜಾಸ್ತಿ ಬೇಕು.
- ಔಷಧಿ: ಜಂತುನಾಶಕ, ಆಂಟಿಬಯೋಟಿಕ್ ಕೊಟ್ಟಿದ್ದರೆ ಎಷ್ಟು ದಿನ ಬಿಟ್ಟು ಕೊಯ್ಯಬೇಕು ಅಂತ ಲೇಬಲ್ ಮೇಲೆ ಇರುತ್ತೆ. ಪಶುವೈದ್ಯರನ್ನು ಕೇಳಿ, ದಿನಾಂಕ ಮೊಬೈಲ್‌ನಲ್ಲಿ ಬರೆದಿಡಿ.
- ಹಿಂದಿನ ರಾತ್ರಿ: ಸುಮಾರು 12 ಗಂಟೆ ಮೇವು ನಿಲ್ಲಿಸಿ, ನೀರು ಮಾತ್ರ ಇರಲಿ. ಓಡಿಸಬೇಡಿ, ಬೆದರಿಸಬೇಡಿ. ಗಾಬರಿಯಾದ ಕುರಿಯ ಮಾಂಸ ಚೆನ್ನಾಗಿ ಬರಲ್ಲ.
- ಆರಿಸೋದು: ಕೊಯ್ದ ಕೆಲವು ಗಂಟೆಗಳಲ್ಲಿ ಖಂಡಗಳು ಸೆಟೆದುಕೊಳ್ಳುತ್ತವೆ. ಚಿಲ್ಲರ್ ಇದ್ದರೆ 0–4 ಡಿಗ್ರಿಯಲ್ಲಿ ಒಂದು ದಿನ ತೂಗು ಹಾಕಿದರೆ ಮಾಂಸ ಮೆದುವಾಗುತ್ತೆ. ಬಿಸಿ ಮಾಂಸವನ್ನು ನೇರ ಫ್ರೀಜರ್‌ಗೆ ತುಂಬಬೇಡಿ. ತಟ್ಟನೆ ತಣ್ಣಗಾದರೆ ಖಂಡ ಕುಗ್ಗಿ ಗಟ್ಟಿಯಾಗುತ್ತೆ.
- ಅನುಮತಿ: ಮಾರಾಟಕ್ಕೆ ಕೊಯ್ಯೋದಾದರೆ ಪರವಾನಗಿ ಇರೋ ಜಾಗದಲ್ಲೇ ಕೊಯ್ಯಿಸಿ, ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ಹಿತ್ತಲಲ್ಲಿ ಕೊಯ್ದು ಪಟ್ಟಣಕ್ಕೆ ಮಾರಬೇಡಿ.

12 ಕೆಜಿ ಲೆಕ್ಕ

ಈಗ ದುಡ್ಡಿನ ವಿಷಯ. 25 ಕೆಜಿ ತೂಗೋ ಮರಿಯಿಂದ ತಲೆ, ಕಾಲು, ಬೋಟಿ ಬಿಟ್ಟು ಸುಮಾರು 12 ಕೆಜಿ ಮಾಂಸ ಸಿಗುತ್ತೆ ಅಂತ ಇಟ್ಟುಕೊಳ್ಳಿ. ಅದು ಹೆಚ್ಚುಕಡಿಮೆ ಹೀಗೆ ಹಂಚಿಕೆಯಾಗುತ್ತೆ:

- ಹಿಂದೊಡೆ ಎರಡೂ ಸೇರಿ 4 ಕೆಜಿ: ಬಿರಿಯಾನಿ, ಬೋನ್‌ಲೆಸ್ ಫ್ರೈ
- ಮುಂದೊಡೆ ಮತ್ತು ಕುತ್ತಿಗೆ 3.5 ಕೆಜಿ: ಸಾರು, ಬಿರಿಯಾನಿ, ಕೈಮಾ
- ಬೆನ್ನು, ಸೊಂಟ 2.5 ಕೆಜಿ: ಚಾಪ್ಸ್
- ಎದೆ ಮತ್ತು ಮುಂಗಾಲಿನ ಕೆಳಭಾಗ 2 ಕೆಜಿ: ಸಾರು, ಸೂಪ್, ಬೇಯಿಸಿ ಹುರಿದ ಫ್ರೈ, ಕೈಮಾ

ಎಲ್ಲರೂ ಕೇಳೋದು ತೊಡೆ. ತೊಡೆ ಇರೋದು 4 ಕೆಜಿ ಮಾತ್ರ. ಉಳಿದ 8 ಕೆಜಿಗೆ ಸರಿಯಾದ ಅಡುಗೆ ಹುಡುಕಿ ಕೊಟ್ಟರೆ ಮಾತ್ರ ನಮಗೆ ಸಂತೆಗಿಂತ ಹೆಚ್ಚು ಉಳಿಯೋದು. ಎದೆಯನ್ನು ತೊಡೆ ಮಧ್ಯೆ ಬಚ್ಚಿಟ್ಟು ಕೊಟ್ಟರೆ ಆ ದಿನ ತೂಕ ಖರ್ಚಾಗುತ್ತೆ, ಮುಂದಿನ ವಾರ ಗ್ರಾಹಕರು ಇರಲ್ಲ. ನನಗೆ ಆಗಿದ್ದೂ ಅದೇ, ಬಚ್ಚಿಡಬೇಕು ಅನ್ನೋ ಉದ್ದೇಶ ಇಲ್ಲದಿದ್ದರೂ.

ಅದಕ್ಕೆ ಈಗ ಆರ್ಡರ್ ತಗೊಳ್ಳುವಾಗ ಮೂರು ಪ್ರಶ್ನೆ ಕೇಳ್ತೀನಿ:

1. ಏನು ಅಡುಗೆ ಮಾಡ್ತೀರಿ?
2. ಎಷ್ಟು ಜನಕ್ಕೆ?
3. ಕುಕ್ಕರಾ, ಪಾತ್ರೆಯಾ?

ಉತ್ತರ ನೋಡಿ ಭಾಗ ಹಂಚ್ತೀನಿ. ಪ್ಯಾಕೆಟ್ ಮೇಲೆ ಪೆನ್ನಿನಲ್ಲಿ ಭಾಗದ ಹೆಸರು, ಅಡುಗೆ, ಬೇಯೋ ನಿಮಿಷ ಬರೀತೀನಿ. ಉದಾಹರಣೆಗೆ: "ಎದೆ, ಸಾರಿಗೆ, ಕುಕ್ಕರ್ 25 ನಿಮಿಷ." ಎದೆಗೆ ತೊಡೆಗಿಂತ ಸ್ವಲ್ಪ ಕಡಿಮೆ ರೇಟು ಇಟ್ಟಿದ್ದೇನೆ, ಆದರೆ ಬೆರೆಸೋದಿಲ್ಲ. ಈಗ ಸಾರಿಗೆ ಎದೆಯೇ ಬೇಕು ಅಂತ ಮುಂಚೆಯೇ ಹೇಳಿ ಇಡಿಸೋರಿದ್ದಾರೆ.

ಬಿರಿಯಾನಿ ಕೆಟ್ಟಿತ್ತು ಅಂದವರಿಗೆ ಮುಂದಿನ ಸಲ ಬರೀ ಹಿಂದೊಡೆ ಕಟ್ ಮಾಡಿ, ಜೊತೆಗೆ ಅರ್ಧ ಕೆಜಿ ಎದೆ ಬೇರೆ ಕಟ್ಟಿ, "ಇದಕ್ಕೆ ಸಾರು ಮಾಡಿ ನೋಡಿ" ಅಂತ ಕೊಟ್ಟೆ. ಅವರು ಈಗಲೂ ನನ್ನ ಗ್ರಾಹಕರು. ಬೈಯ್ಯದೆ ಬಿಟ್ಟು ಹೋದವರು ಮಾತ್ರ ವಾಪಸ್ ಬರಲಿಲ್ಲ. ಅದಕ್ಕೇ ಹೇಳ್ತೀನಿ, ಬೈಯ್ಯೋ ಗ್ರಾಹಕರ ಫೋನ್ ಕಟ್ ಮಾಡಬೇಡಿ, ಪೂರ್ತಿ ಕೇಳಿಸಿಕೊಳ್ಳಿ.

ಈ ವಾರದ ಕೆಲಸ

ಮನೆಗೆ ಮಟನ್ ತಂದಾಗ ಕತ್ತರಿಸಿಕೊಂಡು ಬರಬೇಡಿ. ಅರ್ಧ ಕೆಜಿ ಎದೆಯನ್ನು ಒಂದೇ ತುಂಡಾಗಿ ಕೇಳಿ ತನ್ನಿ. ಟಾರ್ಚ್ ಬಿಟ್ಟು ನಾರಿನ ದಿಕ್ಕು ನೋಡಿ, ಮೂಲೆಗೆ ಗುರುತು ಹಾಕಿ, ಇಡಿಯಾಗಿ ಬೇಯಿಸಿ, ಆರಿಸಿ. ಆಮೇಲೆ ಒಂದು ಪೀಸ್ ನಾರಿನ ಉದ್ದಕ್ಕೆ, ಒಂದು ಪೀಸ್ ಅಡ್ಡಕ್ಕೆ ಕಟ್ ಮಾಡಿ ಎರಡನ್ನೂ ಬಾಯಿಗೆ ಹಾಕಿಕೊಳ್ಳಿ. ನಾನು ಇಷ್ಟುದ್ದ ಬರೆದಿದ್ದನ್ನು ಆ ಎರಡು ತುತ್ತು ಇನ್ನೂ ಚೆನ್ನಾಗಿ ಹೇಳುತ್ತವೆ.

ಮುಂದಿನ ವಾರ ಮತ್ತೆ ತೋಟಕ್ಕೆ ಬರೋಣ: ಕುರಿ ಹಿಕ್ಕೆಯನ್ನು ಹಸಿಯಾಗಿ ಹಾಕಬೇಕಾ, ಕೊಳೆಸಿ ಹಾಕಬೇಕಾ ಅನ್ನೋದು ನೋಡೋಣ.